ಒಣಮರದ ಎರಡು ಒಕ್ಕಲು

ಸರೀಕರಲ್ಲಿ ಮಾತ್ರ ಹೋಲಿಕೆ ಮಾಡಬೇಕು ಎನ್ನುತ್ತಾರೆ ಹಿರಿಯರು. ಹೆಣ್ಣು ಕೊಡುವುದಕ್ಕೂ ಜಗಳ ತೆಗೆಯುವುದಕ್ಕೂ ಅವರಿಗೆ ಅದೇ ನಿಯಮ. ಇವತ್ತು ಆ ನಿಯಮವನ್ನು ಬೇಕೆಂದೇ ಮುರಿಯೋಣ. ಒಂದು ಕಡೆ ಕಣ್ಣಿಗೆ ಕಂಡೂ ಕಾಣದಂಥ ಗರಿರೆಕ್ಕೆ ಜೀರುಂಡೆ. ಇನ್ನೊಂದು ಕಡೆ ನಮ್ಮ ಬಂಡೀಪುರ, ನಾಗರಹೊಳೆ, ಭದ್ರಾ, ದಾಂಡೇಲಿಯ ಕಾಡುಗಳಲ್ಲಿ ಮರದ ತುತ್ತತುದಿಯಲ್ಲಿ ಕೂರುವ ಜುಟ್ಟಿನ ಟ್ರೀ ಸ್ವಿಫ್ಟ್ ಎಂಬ ಹಕ್ಕಿ. ಇಬ್ಬರಿಗೂ ರೆಕ್ಕೆ ಇದೆ ಎಂಬುದನ್ನು ಬಿಟ್ಟರೆ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ.

ಮೊದಲು ಚಿಕ್ಕವನ ವಿಚಾರ. ಜೀರುಂಡೆಗಳಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ ಸುಮಾರು ನಾಲ್ಕು ಲಕ್ಷ. ಜಗತ್ತಿನ ಹಕ್ಕಿಗಳನ್ನೆಲ್ಲ ಒಟ್ಟು ಹಾಕಿದರೂ ಹನ್ನೊಂದು ಸಾವಿರದ ಆಸುಪಾಸು. ಆ ನಾಲ್ಕು ಲಕ್ಷದಲ್ಲಿ ಗರಿರೆಕ್ಕೆಯ ಕುಟುಂಬ ಒಂದು ಸಣ್ಣ ಕವಲು, ಅದರ ಹೆಚ್ಚಿನ ಸದಸ್ಯರು ಒಂದು ಮಿಲಿಮೀಟರ್ ಕೂಡ ದಾಟುವುದಿಲ್ಲ. ಸ್ಕಿಡೊಸೆಲ್ಲಾ ಮುಸವಾಸೆನ್ಸಿಸ್ ಎಂಬ ಪ್ರಭೇದವನ್ನು 1999ರಲ್ಲಿ ನಿಕರಾಗುವಾ ದೇಶದ ಮಾದರಿಗಳಿಂದ ವಿವರಿಸಲಾಗಿತ್ತು. 2015ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಅಲೆಕ್ಸಿ ಪೊಲಿಲೊವ್ ಅದೇ ಜೀವಿಯನ್ನು ಕೊಲಂಬಿಯಾದಲ್ಲಿ ಅಣಬೆಯ ಮೇಲೆ ಹುಡುಕಿ ತೆಗೆದು ಒಂದೊಂದನ್ನೇ ಅಳೆದರು. ಅತಿ ಚಿಕ್ಕದು 0.325 ಮಿಲಿಮೀಟರ್ ಬಂತು. ಪರಾವಲಂಬಿಯಾಗದೆ ತಾನೇ ತಿಂದುಂಡು ಬದುಕುವ ಕೀಟಗಳಲ್ಲಿ ಅದಕ್ಕಿಂತ ಚಿಕ್ಕದು ಗೊತ್ತಿಲ್ಲ. ಚಿರೋಟಿ ರವೆಯ ಒಂದು ಕಣವನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿ, ಅಷ್ಟೇ. ಅಷ್ಟರೊಳಗೆ ಮಿದುಳು, ಕಣ್ಣು, ಕರುಳು, ಆರು ಕಾಲು, ಮಡಚಿಟ್ಟ ರೆಕ್ಕೆ ಎಲ್ಲವೂ ಇವೆ.

ಈ ಕುಟುಂಬದ ಇನ್ನೊಂದು ಪ್ರಭೇದ ವಿಯೆಟ್ನಾಂನ ಪರಾಟುಪೋಸಾ ಪ್ಲಾಸೆಂಟಿಸ್. ಉದ್ದ ಸರಾಸರಿ 0.395 ಮಿಲಿಮೀಟರ್, ತೂಕ ಸುಮಾರು ಎರಡೂವರೆ ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ತೂಗಬೇಕಾದರೆ ನಾಲ್ಕು ಲಕ್ಷ ಜೀರುಂಡೆಗಳು ಬೇಕು. ನಮ್ಮ ಊರುಗಳ ಸೇತುವೆ, ಗೋಪುರ, ಹಳೇ ಕಟ್ಟಡಗಳ ಸೂರಿನಡಿ ಗೂಡು ಕಟ್ಟಿ ಸಂಜೆಯಾದರೆ ಚಿರ್ ಎಂದು ಗುಂಪಾಗಿ ಸುತ್ತುವ, ಟ್ರೀ ಸ್ವಿಫ್ಟ್ ಹಕ್ಕಿಯ ದಾಯಾದಿಯಾದ ಮನೆ ಸ್ವಿಫ್ಟ್‌ನ ತೂಕ ಸುಮಾರು 25 ಗ್ರಾಂ. ತಕ್ಕಡಿಯ ಇನ್ನೊಂದು ತಟ್ಟೆಗೆ ಒಂದು ಕೋಟಿ ಜೀರುಂಡೆಗಳನ್ನು ಸುರಿದರೆ ಸಮತೂಕವಾದೀತು.

ಇಷ್ಟು ಚಿಕ್ಕ ಜೀವಿ ಹಾರುವುದೇ ಕಷ್ಟ ಎಂದು ಬಹುಕಾಲ ಅಂದುಕೊಂಡಿದ್ದರು. ಕಾರಣ ಗಾಳಿ. ನಮಗೆ ಗಾಳಿ ಎಂದರೆ ಹಗುರ, ತೆಳು, ಕೈ ಬೀಸಿದರೆ ಸರಿದುಹೋಗುವಂಥದ್ದು. ಆದರೆ ಪ್ರತಿ ದ್ರವಕ್ಕೂ ಅನಿಲಕ್ಕೂ ಒಂದಿಷ್ಟು ಜಿಗುಟು ಇರುತ್ತದೆ. ದೇಹ ದೊಡ್ಡದಾಗಿ, ವೇಗ ಹೆಚ್ಚಾಗಿ ಇದ್ದರೆ ಆ ಜಿಗುಟು ಲೆಕ್ಕಕ್ಕೆ ಬರುವುದಿಲ್ಲ. ದೇಹ ಕುಗ್ಗುತ್ತ ಹೋದಂತೆ ಅದೇ ಮುಖ್ಯ ಬಲವಾಗಿ ನಿಲ್ಲುತ್ತದೆ. ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯ ನೀರಿಗೆ ಬಣ್ಣ ಬಿಟ್ಟು ಪರೀಕ್ಷಿಸಿದ ಈ ವ್ಯವಹಾರಕ್ಕೆ ಮುಂದೆ ಅವರ ಹೆಸರಿನಲ್ಲೇ ಒಂದು ಸಂಖ್ಯೆ ಬಂತು. ನುಗ್ಗುವ ಬಲವನ್ನು ಜಿಗುಟಿನ ಬಲದಿಂದ ಭಾಗಿಸಿದರೆ ಸಿಗುವುದು ರೆನಾಲ್ಡ್ಸ್ ಸಂಖ್ಯೆ. ತೇಲುವ ಸ್ವಿಫ್ಟ್‌ನ ರೆಕ್ಕೆಗೆ ಅದು ಹತ್ತು ಸಾವಿರಗಳಲ್ಲಿ ಇರುತ್ತದೆ. ಈ ಜೀರುಂಡೆಯ ರೆಕ್ಕೆಗೆ ಬರೀ ಹತ್ತರ ಆಸುಪಾಸು. ಹಕ್ಕಿ ತೇಲುವ ಗಾಳಿಯಲ್ಲೇ ಜೀರುಂಡೆಯೂ ಇದೆ, ಆದರೆ ಅದು ಹಾರಬೇಕಾದದ್ದು ಅಂಟುವ, ತಡೆಯುವ, ಬಿಡಿಸಿಕೊಂಡು ಮುಂದೆ ಹೋಗಬೇಕಾದ ಗಾಳಿಯಲ್ಲಿ. ರೆಕ್ಕೆ ಚಾಚಿ ಸುಮ್ಮನೆ ತೇಲುವ ಸುಖ ಅದಕ್ಕಿಲ್ಲ. ಬಡಿಯುವುದನ್ನು ನಿಲ್ಲಿಸಿದ ಕ್ಷಣ ಅದು ನಿಂತುಬಿಡುತ್ತದೆ.

ಜೀರುಂಡೆ ಇದಕ್ಕೆ ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಅದರ ರೆಕ್ಕೆಯಲ್ಲಿ ಪೊರೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ನಡುವೆ ಕಿರಿದಾದ ಒಂದು ದಂಟು, ಅದರ ಅಂಚಿಗೆಲ್ಲ ಉದ್ದುದ್ದ ರೋಮ. ರೋಮಗಳ ನಡುವೆ ಬೇಕಾದಷ್ಟು ಸಂದು. ನಮ್ಮ ಲೆಕ್ಕದಲ್ಲಿ ಅಂಥ ರೆಕ್ಕೆಯಿಂದ ಗಾಳಿ ಸೋರಿಹೋಗಬೇಕು. ಆದರೆ ಜಿಗುಟು ಗಾಳಿ ರೋಮಕ್ಕೆ ಅಂಟಿಕೊಂಡು ಸಂದುಗಳನ್ನು ಬಹುಪಾಲು ಮುಚ್ಚಿಬಿಡುತ್ತದೆ. ಶತ್ರುವಾಗಿದ್ದ ಜಿಗುಟೇ ರೆಕ್ಕೆಯ ಉಳಿದ ಭಾಗವನ್ನು ಪುಕ್ಕಟೆಯಾಗಿ ಕಟ್ಟಿಕೊಟ್ಟಂತಾಯಿತು! ಪೊರೆಯ ಭಾರವಿಲ್ಲ, ಕೆಲಸ ಮಾತ್ರ ಪೊರೆಯದೇ. ರೆಕ್ಕೆ ಹಗುರವಾದದ್ದರಿಂದ ಅದನ್ನು ಬೀಸಲು ಬೇಕಾದ ಸ್ನಾಯುಬಲವೂ ಕಡಿಮೆ ಸಾಕು.

2022ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪೊಲಿಲೊವ್ ಮತ್ತು ರಷ್ಯಾ, ಜಪಾನ್, ಜರ್ಮನಿಯ ಸಂಗಾತಿಗಳು ಈ ಹಾರಾಟದ ಪೂರ್ಣ ಚಿತ್ರ ಪ್ರಕಟಿಸಿದರು. ಅತಿವೇಗದ ಕ್ಯಾಮೆರಾ ಹಿಡಿದ ದೃಶ್ಯಗಳಲ್ಲಿ ರೆಕ್ಕೆಗಳು ಮೇಲೆ ಕೆಳಗೆ ಬಡಿಯುವುದೇ ಇಲ್ಲ. ಅಗಲವಾದ ಎಂಟರ ಆಕಾರದಲ್ಲಿ ಸುತ್ತಿ, ಮೈಯ ಮೇಲೂ ಕೆಳಗೂ ಒಂದಕ್ಕೊಂದು ಹತ್ತಿರ ಬಂದು, ಮತ್ತೆ ದೂರವಾಗುತ್ತವೆ. ಸೆಕೆಂಡಿಗೆ ಸುಮಾರು 177 ಸಲ. ಇಷ್ಟು ಜೋರಾಗಿ ಬೀಸಿದರೆ ರವೆಯಷ್ಟು ಮೈ ಮುಂದಕ್ಕೂ ಹಿಂದಕ್ಕೂ ಲಾಗ ಹಾಕಬೇಕಲ್ಲ? ಅದನ್ನು ತಡೆಯುವುದು ಮೇಲಿನ ಗಟ್ಟಿ ರೆಕ್ಕೆ ಜೋಡಿ. ಬೇರೆ ಜೀರುಂಡೆಗಳಲ್ಲಿ ಬರೀ ಮುಚ್ಚಳವಾಗಿರುವ ಆ ಚಿಪ್ಪುಗಳು ಇಲ್ಲಿ ಎದುರು ದಿಕ್ಕಿಗೆ ಬೀಸಿ ಮೈಯ ತೂಗಾಟವನ್ನು ಹದದಲ್ಲಿಡುತ್ತವೆ. ಫಲ ಏನೆಂದರೆ, ತನಗಿಂತ ಮೂರು ಪಟ್ಟು ದೊಡ್ಡ ಜೀರುಂಡೆಗಳಷ್ಟೇ ವೇಗದಲ್ಲಿ ಇದು ಹಾರಬಲ್ಲದು.

ರೋಮದ ರೆಕ್ಕೆ ನಮ್ಮ ರೈತರಿಗೆ ಹೊಸದೇನಲ್ಲ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಗಿಡದ ಎಲೆ ಮುಟುರಿಸುವ ಥ್ರಿಪ್ಸ್ ನುಸಿಯನ್ನು ಭೂತಗನ್ನಡಿಯಡಿ ನೋಡಿದವರು ಅದರ ರೆಕ್ಕೆಯ ಅಂಚಿನಲ್ಲೂ ಇದೇ ರೋಮಸಾಲನ್ನು ಕಂಡಿರುತ್ತಾರೆ. ಥ್ರಿಪ್ಸ್ ಜೀರುಂಡೆಯಲ್ಲ, ಅದರ ವಂಶವೇ ಬೇರೆ. ಗಾತ್ರ ಕುಗ್ಗಿದ ಕೀಟಗಳು ಬೇರೆಬೇರೆ ವಂಶದಲ್ಲಿ, ಬೇರೆಬೇರೆ ಕಾಲದಲ್ಲಿ ಇದೇ ಉಪಾಯಕ್ಕೆ ಬಂದು ಮುಟ್ಟಿವೆ. ಮೆಣಸಿನ ಬೆಳೆ ಕಳೆದುಕೊಂಡವರಿಗೆ ಈ ರೆಕ್ಕೆಯ ಸೊಬಗನ್ನು ಮೆಚ್ಚಿ ಎಂದು ಹೇಳುವ ಧೈರ್ಯ ನನಗಿಲ್ಲ, ಅದು ಬೇರೆ ಮಾತು.

ಈಗ ಹಕ್ಕಿಗೆ ಬರೋಣ. ಸ್ವಿಫ್ಟ್ ಎಂದರೆ ಇವತ್ತು ಕಾರೇ ಮೊದಲು ನೆನಪಾಗುತ್ತದೆ. ಹಕ್ಕಿಯನ್ನು ಕಂಡವರೂ ಅದನ್ನು ಕವಲುತೋಕೆಯ ಜಾತಿ ಎಂದುಕೊಳ್ಳುವುದುಂಟು. ರೆಕ್ಕೆಯ ಬಾಗು ನೋಡಿದರೆ ಹಾಗೆ ಅನ್ನಿಸುವುದು ಸಹಜ, ಆದರೆ ಸ್ವಿಫ್ಟ್‌ಗಳ ಹತ್ತಿರದ ನೆಂಟರು ಅಮೆರಿಕ ಖಂಡದ ಹಮ್ಮಿಂಗ್ ಬರ್ಡ್‌ಗಳು. ಸ್ವಿಫ್ಟ್‌ಗಳ ಬದುಕೆಲ್ಲ ಆಕಾಶದಲ್ಲೇ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಆಂಡರ್ಸ್ ಹೆಡೆನ್‌ಸ್ಟ್ರೋಮ್ ಮತ್ತು ಸಂಗಡಿಗರು ಸಾಮಾನ್ಯ ಸ್ವಿಫ್ಟ್‌ಗಳ ಬೆನ್ನಿಗೆ ಹಗುರ ದಾಖಲೆ ಯಂತ್ರ ಕಟ್ಟಿ ಬಿಟ್ಟು, ಮರಳಿ ಹಿಡಿದು ನೋಡಿದರು. 2016ರಲ್ಲಿ ಬಂದ ಅವರ ವರದಿಯ ಪ್ರಕಾರ, ಆಫ್ರಿಕಕ್ಕೆ ಹೋಗಿ ಮರಳಿ ಗೂಡಿಗೆ ಬರುವ ಹತ್ತು ತಿಂಗಳಲ್ಲಿ ಆ ಹಕ್ಕಿಗಳು ಕಳೆದ ಹೊತ್ತಿನಲ್ಲಿ ನೂರಕ್ಕೆ 99 ಪಾಲಿಗಿಂತ ಹೆಚ್ಚು ಗಾಳಿಯಲ್ಲೇ. ಕೆಲವು ಹಕ್ಕಿಗಳಂತೂ ಒಮ್ಮೆಯೂ ಕೆಳಗಿಳಿದಿರಲಿಲ್ಲ. ಊಟ, ಸ್ನಾನ, ಗರಿ ಉದುರಿಸಿ ಹೊಸದು ಬೆಳೆಸುವುದು ಎಲ್ಲ ಹಾರುತ್ತಲೇ. ಕಾಲು ಅವಕ್ಕೆ ಗೋಡೆಗೆ, ಬಂಡೆಗೆ ಜೋತುಬೀಳುವ ಕೊಕ್ಕೆಯಷ್ಟೇ. ಕೊಂಬೆಯ ಮೇಲೆ ಕೂರಲು ಬಾರದು.

ಟ್ರೀ ಸ್ವಿಫ್ಟ್ ಆ ಮನೆತನದ ದಾಯಾದಿ. ಸ್ವಿಫ್ಟ್‌ನಂತೆ ಕಾಣುತ್ತದೆ, ಸ್ವಿಫ್ಟ್‌ನಂತೆ ಬೇಟೆಯಾಡುತ್ತದೆ, ಆದರೆ ಕೊಂಬೆಯ ಮೇಲೆ ಕೂರಬಲ್ಲದು. ಈ ಪ್ರತ್ಯೇಕ ಕುಟುಂಬದಲ್ಲಿ ಇರುವುದು ನಾಲ್ಕೇ ಪ್ರಭೇದ, ಭಾರತದಿಂದ ಪೂರ್ವಕ್ಕೆ ಸಾಲೊಮನ್ ದ್ವೀಪಗಳವರೆಗೆ ಹರಡಿಕೊಂಡಿವೆ. ನಮ್ಮಲ್ಲಿರುವುದು ಜುಟ್ಟಿನದು. ಸುಮಾರು 23 ಸೆಂಟಿಮೀಟರ್ ಉದ್ದ, ಬೂದು ನೀಲಿ ಮೈ, ಗಂಡಿನ ಕೆನ್ನೆಗೆ ಇಟ್ಟಿಗೆಗೆಂಪು, ಹಣೆಯ ಮೇಲೆ ನೆಟ್ಟಗೆ ನಿಲ್ಲುವ ಜುಟ್ಟು. ಆಳವಾಗಿ ಕವಲೊಡೆದ ಬಾಲವನ್ನು ಮಡಚಿದಾಗ ಒಂದೇ ಉದ್ದ ಮೊನೆಯಾಗುತ್ತದೆ, ಹಾರುವಾಗ ಆಗಾಗ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಇದು ಎಲೆ ತುಂಬಿದ ಮರವನ್ನು ಇಷ್ಟಪಡುವುದಿಲ್ಲ. ಎಲೆ ಉದುರಿದ ಅಥವಾ ಪೂರ್ತಿ ಒಣಗಿದ ಎತ್ತರದ ಮರದ ಬೋಳು ತುದಿಯೇ ಬೇಕು. ಅಲ್ಲಿಂದ ಹಾರಿ, ಗಾಳಿಯಲ್ಲಿ ಕೀಟ ಹಿಡಿದು, ಮತ್ತೆ ಅಲ್ಲಿಗೇ ಬಂದು ಕೂರುತ್ತದೆ. ಹತ್ತು ತಿಂಗಳು ಕೆಳಗಿಳಿಯದ ದಾಯಾದಿಯ ದಾಖಲೆ ದೊಡ್ಡದೇ. ನನಗೆ ಮಾತ್ರ, ಹಾರಲು ಅಷ್ಟೇ ಚೆನ್ನಾಗಿ ಬಂದರೂ ನಡುನಡುವೆ ಕೂತು ಸುತ್ತ ನೋಡುವ ಈ ಹಕ್ಕಿಯ ಮೇಲೆ ಒಲವು ಹೆಚ್ಚು.

ಇಬ್ಬರ ಹೋಲಿಕೆ ನಿಜವಾಗಿ ರುಚಿಗಟ್ಟುವುದು ಮೊಟ್ಟೆಯ ವಿಷಯದಲ್ಲಿ.

ಕೀಟ ಎಂದರೆ ನೂರಾರು ಮೊಟ್ಟೆ ಇಟ್ಟು, ಉಳಿದದ್ದು ಉಳಿಯಲಿ ಎಂದು ಹೋಗುವ ಜಾತಿ ಎಂದು ನಾವು ತಿಳಿದಿರುತ್ತೇವೆ. ಗರಿರೆಕ್ಕೆಗೆ ಆ ದಾರಿ ಮುಚ್ಚಿದೆ. ದೇಹವನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು, ಮೊಟ್ಟೆಯನ್ನು ಹಾಗೆ ಕುಗ್ಗಿಸಲು ಬಾರದು. ಒಳಗೆ ಒಂದು ಮರಿಹುಳು ರೂಪುಗೊಳ್ಳಲು ಬೇಕಾದಷ್ಟು ಆಹಾರ ಇರಲೇಬೇಕು. ಹೀಗಾಗಿ ಈ ಕುಟುಂಬದ ಅತಿ ಚಿಕ್ಕ ಜೀರುಂಡೆಗಳಲ್ಲಿ ಒಂದು ಮೊಟ್ಟೆ ತಾಯಿಯ ಉದ್ದದ ಅರ್ಧದವರೆಗೂ ಬೆಳೆಯುತ್ತದೆ. ಹೊಟ್ಟೆಯಲ್ಲಿ ಎರಡನೆಯದಕ್ಕೆ ಜಾಗವೇ ಇಲ್ಲ. ಒಂದನ್ನು ಬೆಳೆಸಿ, ಇಟ್ಟು, ಆಮೇಲೆ ಇನ್ನೊಂದು. ಕೆಲವು ಪ್ರಭೇದಗಳಲ್ಲಿ ಗಂಡಿನ ನೆರವೇ ಇಲ್ಲದೆ ಹೆಣ್ಣು ಮರಿ ಮಾಡುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಸಂಸಾರ ನಡೆಸಬೇಕಾದವರು ಎಲ್ಲೆಲ್ಲಿ ಉಳಿತಾಯ ಮಾಡಬಹುದೋ ಅಲ್ಲೆಲ್ಲ ಮಾಡಿದ್ದಾರೆ.

ಟ್ರೀ ಸ್ವಿಫ್ಟ್‌ಗೂ ಒಂದೇ ಮೊಟ್ಟೆ. ಅದರ ಇಕ್ಕಟ್ಟು ಹೊಟ್ಟೆಯಲ್ಲಿ ಇಲ್ಲ, ಗೂಡಿನಲ್ಲಿದೆ. ಬೋಳು ಕೊಂಬೆಯ ಪಕ್ಕಕ್ಕೆ ತೊಗಟೆಯ ಚೂರು, ಒಂದೆರಡು ಗರಿಗಳನ್ನು ತನ್ನ ಎಂಜಲಿನಿಂದ ಅಂಟಿಸಿ ಎರಡು ಬೆರಳಗಲದ ಅರೆಬಟ್ಟಲು ಮಾಡುತ್ತದೆ. ಅದರಲ್ಲಿ ಒಂದು ಮೊಟ್ಟೆ ನಿಂತರೆ ಆಯಿತು, ತುಂಬಿಹೋಯಿತು. ಕಾವು ಕೊಡುವ ಹಕ್ಕಿಯ ಭಾರವನ್ನು ಆ ಬಟ್ಟಲು ತಾಳುವುದಿಲ್ಲ. ಆದ್ದರಿಂದ ಹಕ್ಕಿ ಕೊಂಬೆಯ ಮೇಲೆ ಕೂತು, ಹೊಟ್ಟೆಯ ಗರಿಗಳನ್ನು ಉಬ್ಬಿಸಿ ಮೊಟ್ಟೆಯನ್ನು ಮುಚ್ಚುತ್ತದೆ. ಕೆಳಗಿನಿಂದ ನೋಡುವವರಿಗೆ ಯಾವುದೋ ಹಕ್ಕಿ ಸುಮ್ಮನೆ ಕೂತಿದೆ ಅಷ್ಟೇ. ಗೂಡು ಕಾಣುವುದಿಲ್ಲ. ಮರಿ ಹೊರಬಂದ ಮೇಲೂ ಅದೇ ಆಟ. ಅದರ ಬಣ್ಣ ತೊಗಟೆಯದು, ಅಪಾಯ ಕಂಡರೆ ಕೊಂಬೆಯ ಗಂಟಿನಂತೆ ಅಲುಗಾಡದೆ ಕೂರುತ್ತದೆ. ಸ್ವಲ್ಪ ಬೆಳೆದರೆ ಬಟ್ಟಲು ಸಾಲದು, ಕೊಂಬೆಗೇ ಬಂದು ಕೂರಬೇಕು. ಎಲೆಯ ಮರೆ ಇಲ್ಲದ ಬಟಾಬಯಲಿನಲ್ಲಿ, ಕಾಗೆ ಗಿಡುಗಗಳ ಕಣ್ಣೆದುರೇ ಸಂಸಾರ ಹೂಡುವವರು ದೊಡ್ಡ ಗೂಡು ಕಟ್ಟಿದ್ದರೆ ಒಂದು ದಿನವೂ ಬಾಳುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಎಂಜಲಿನ ಅಂಟು ಈ ಬಳಗದವರ ಮನೆವಿದ್ಯೆ. ನಮ್ಮ ತಾಳೆಮರದ ಸ್ವಿಫ್ಟ್ ಕೂಡ ಜೋತುಬಿದ್ದ ತಾಳೆಗರಿಯ ಅಡಿಗೆ ಗೂಡನ್ನು ಅಂಟಿಸಿ, ಗಾಳಿಗೆ ಬೀಳದಂತೆ ಮೊಟ್ಟೆಗಳನ್ನೂ ಅಂಟಿಸಿಬಿಡುತ್ತದೆ.

ಒಬ್ಬರಿಗೆ ಒಡಲು ಇಕ್ಕಟ್ಟು, ಇನ್ನೊಬ್ಬರಿಗೆ ತೊಟ್ಟಿಲು ಇಕ್ಕಟ್ಟು. ತೂಕದಲ್ಲಿ ಇಷ್ಟೊಂದು ಅಂತರವಿರುವ ಇಬ್ಬರೂ ಸುತ್ತಿ ಬಳಸಿ ಒಂದು ಸಲಕ್ಕೆ ಒಂದೇ ಮೊಟ್ಟೆ ಎಂಬ ಕಡೆಗೆ ಬಂದು ನಿಂತಿದ್ದಾರೆ.

ಇಂಥ ಜೋಡಿ ಸಿಕ್ಕಿದಾಗ ಅದನ್ನು ಪಂಚತಂತ್ರ ಮಾಡಿಬಿಡುವ ಚಪಲ ನಮಗೆಲ್ಲ ಇದೆ. ಚಿಕ್ಕವನು ಗೆದ್ದ, ದೊಡ್ಡವನ ಗರ್ವ ಮುರಿಯಿತು ಎಂದು ಮುಗಿಸಿದರೆ ಓದುವವರಿಗೂ ಸುಖ. ಇಲ್ಲಿ ಯಾರೂ ಯಾರನ್ನೂ ಗೆದ್ದಿಲ್ಲ. ಜೀರುಂಡೆಯನ್ನು ಟ್ರೀ ಸ್ವಿಫ್ಟ್‌ನಷ್ಟು ದೊಡ್ಡದು ಮಾಡಿದರೆ ಅದರ ರೋಮದ ರೆಕ್ಕೆಯಿಂದ ಗಾಳಿ ಸೋರಿ ಅದು ನೆಲಕ್ಕೆ ಬಡಿಯುತ್ತದೆ. ಹಕ್ಕಿಯನ್ನು ರವೆಯಷ್ಟಾಗಿಸಿದರೆ ಆ ಚಂದದ ಬಾಗು ರೆಕ್ಕೆ ಜಿಗುಟು ಗಾಳಿಯಲ್ಲಿ ಕೆಲಸಕ್ಕೆ ಬಾರದು. ಪ್ರತಿ ಪ್ರಾಣಿಗೂ ಅದರ ಬದುಕಿಗೆ ಒಪ್ಪುವ ಒಂದು ಗಾತ್ರ ಇದೆ, ಗಾತ್ರ ಬದಲಾದರೆ ಆಕಾರವೂ ಬದಲಾಗಲೇಬೇಕು ಎಂದು ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಒಂದು ಪ್ರಬಂಧದಲ್ಲಿ ವಾದಿಸಿದ್ದರು. ಮುಂದೆ ಈ ವಿಜ್ಞಾನಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಗೆಲುವು ಸೋಲಿನ ಕಥೆ ಬೇಡವೆಂದು ಬದಿಗಿಟ್ಟ ಮೇಲೆ ಇಬ್ಬರನ್ನೂ ಕೂಡಿಸುವ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅದು ಮರ, ಅದರಲ್ಲೂ ಸತ್ತ ಮರ. ಹಕ್ಕಿಗೆ ನಿಂತ ಒಣಮರದ ತುದಿ ಬೇಕು. ಅದೇ ಮರ ಒಂದು ಮುಂಗಾರಿನಲ್ಲಿ ನೆಲಕ್ಕೆ ಉರುಳಿ ಕೊಳೆಯತೊಡಗಿದಾಗ ತೊಗಟೆಯಡಿ ಶಿಲೀಂಧ್ರ ಹಬ್ಬುತ್ತದೆ, ಅಣಬೆ ಏಳುತ್ತದೆ. ಗರಿರೆಕ್ಕೆಗಳ ಅನ್ನ ಅದು, ಶಿಲೀಂಧ್ರದ ಬೀಜಕಣ ಮತ್ತು ಎಳೆಗಳು. ಮರಕ್ಕೆ ಅಂಟಿಕೊಂಡು ಬೆಳೆಯುವ ಗಟ್ಟಿ ಅಣಬೆಯ ಅಡಿಯಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳಿರುತ್ತವಲ್ಲ, ಅತಿ ಚಿಕ್ಕ ಪ್ರಭೇದಗಳು ಆ ರಂಧ್ರಗಳ ಒಳಗೇ ವಾಸಿಸುತ್ತವೆ. ಅಷ್ಟು ಚಿಕ್ಕದಾಗಿ ಸಿಕ್ಕಿದ್ದೇನು ಎಂದು ಕೇಳಿದರೆ ಉತ್ತರ ಇದೇ, ಬೇರೆ ಯಾರೂ ನುಗ್ಗಲಾಗದ ಒಂದು ಮನೆ ಸಿಕ್ಕಿತು.

ತೊಗಟೆಯಡಿ ಬದುಕುವ ಕೆಲವು ಗರಿರೆಕ್ಕೆಗಳಲ್ಲಿ ಎರಡು ಬಗೆಯವರು ಹುಟ್ಟುತ್ತಾರೆ. ಒಂದು ಬಗೆಗೆ ಕಣ್ಣೂ ಇಲ್ಲ, ರೆಕ್ಕೆಯೂ ಇಲ್ಲ, ಮೈಗೆ ಬಣ್ಣವೂ ಇಲ್ಲ. ಕತ್ತಲಲ್ಲಿ ಕೂತು ಉಣ್ಣುವವರಿಗೆ ಅವೆಲ್ಲ ಏಕೆ? ಇನ್ನೊಂದು ಬಗೆಗೆ ಕಣ್ಣು, ಬಣ್ಣ, ರೋಮದ ರೆಕ್ಕೆ ಎಲ್ಲ ಇರುತ್ತವೆ. ಕೊಳೆತ ಮರ ಶಾಶ್ವತವಲ್ಲ. ಅದು ಮಣ್ಣಾಗುವ ಮೊದಲು ಯಾರಾದರೂ ಹೊರಟು ಬೇರೆ ಮರ ಹುಡುಕಲೇಬೇಕು. ಎಂಟರ ಆಕಾರ, ಸೆಕೆಂಡಿಗೆ 177 ಬಡಿತ ಎಂದೆಲ್ಲ ಮೇಲೆ ಹೇಳಿದ ಆ ಹಾರಾಟದ ಉದ್ದೇಶ ಇಷ್ಟೇ, ಒಂದು ಕೊಳೆತ ದಿಮ್ಮಿಯಿಂದ ಇನ್ನೊಂದಕ್ಕೆ ಹೋಗುವುದು. ಹತ್ತಿರದಲ್ಲಿ ಇನ್ನೊಂದು ಇದ್ದರೆ ತಾನೆ ಹೋಗುವುದು?

ಇಲ್ಲೇ ನಮ್ಮ ಪಾತ್ರ ಬರುವುದು. ಒಣಗಿದ ಮರ ಎಂದರೆ ನಮ್ಮ ಕಣ್ಣಿಗೆ ಸೌದೆ, ಇಲ್ಲವೇ ಕಸ. ಉದ್ಯಾನದಲ್ಲಿ ನಿಂತಿದ್ದರೆ ಅಂದಗೇಡು, ತೋಟದಲ್ಲಿ ಬಿದ್ದಿದ್ದರೆ ಸೋಮಾರಿತನದ ಗುರುತು. ಎಲೆ ಗುಡಿಸಿ ಒಟ್ಟು ಮಾಡಿ ಬೆಂಕಿ ಇಡುವುದನ್ನು ನಾವು ಸ್ವಚ್ಛತೆ ಎಂದು ಕರೆಯುತ್ತೇವೆ. ಅರಣ್ಯದಲ್ಲೂ ಬಹುಕಾಲ ಸತ್ತ ಮರ, ಬಿದ್ದ ಮರ ಎಂದರೆ ಹರಾಜಿಗೆ ಬಂದ ಸರಕು ಎಂದೇ ಎಣಿಕೆಯಿತ್ತು. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನು ತೆಗೆಯುವುದಕ್ಕೆ ತಡೆ ಹಾಕಿತು. ಆಗ ಹಲವರು ಗೊಣಗಿದರು, ಬಿದ್ದ ಮರ ಸುಮ್ಮನೆ ಕೊಳೆತು ಹೋಗುತ್ತದಲ್ಲ ಎಂದು. ಕೊಳೆಯುವುದೂ ಒಂದು ಕೆಲಸ ಎಂಬುದು ಗೊಣಗುವವರಿಗೆ ಇನ್ನೂ ಮನದಟ್ಟಾಗಿಲ್ಲ.

ಆದರೆ ಆ ಆದೇಶ ಅಭಯಾರಣ್ಯದ ಗಡಿಯಾಚೆಗೆ ನಮ್ಮ ಕಾಫಿ ತೋಟಕ್ಕೆ, ಅಡಿಕೆ ತೋಟದ ಬೆಟ್ಟಕ್ಕೆ, ಊರಿನ ಗೋಮಾಳಕ್ಕೆ, ಬೆಂಗಳೂರಿನ ಬಡಾವಣೆಯ ಪಾರ್ಕಿಗೆ ತಲುಪುವುದಿಲ್ಲ. ಅಲ್ಲಿ ತೀರ್ಮಾನ ನಮ್ಮದೇ. ರಸ್ತೆ, ಮನೆ, ಕರೆಂಟು ತಂತಿಯ ಮೇಲೆ ಬೀಳುವಂತಿರುವ ಮರವನ್ನು ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾರ ತಲೆಯ ಮೇಲೂ ಬೀಳದ ಒಣಮರ ನಿಮ್ಮ ಜಮೀನಿನ ಅಂಚಿನಲ್ಲಿ ಇದ್ದರೆ ಅದನ್ನು ನಿಂತಂತೆಯೇ ಬಿಡಿ. ಬಿದ್ದ ಮೇಲೆ ಸೌದೆಗೆ ಬೇಕಿದ್ದರೆ ಅರ್ಧ ಒಯ್ಯಿರಿ, ಬುಡದ ಕಡೆಯ ದಪ್ಪ ದಿಮ್ಮಿಯನ್ನು ನೆರಳಿರುವ ಒಂದು ಮೂಲೆಗೆ ಉರುಳಿಸಿ ಅಲ್ಲೇ ಕೊಳೆಯಲು ಬಿಡಿ. ಪಾರ್ಕಿನ ಮಾಲಿ ಎಲೆರಾಶಿಗೆ ಬೆಂಕಿ ಹಚ್ಚಲು ಹೊರಟರೆ, ಒಂದು ಗುಂಡಿ ತೋರಿಸಿ ಅದರಲ್ಲಿ ತುಂಬಲು ಹೇಳಿ.